ಬಾಯಲ್ಲಿಟ್ಟ ವಾಷರು

ತಿಮೋಥಿಗೆ ಅಸಹ್ಯವಾಗದ ವಸ್ತುವನ್ನು ಬೀದರ್ ಜಿಲ್ಲೆಯಲ್ಲಿ ಹುಡುಕಬೇಕೆಂದರೆ ಹಗಲಲ್ಲೇ ದೀಪ ಹಿಡಿದು ಹೊರಡಬೇಕು. ಬಸ್ಸಿನ ಕಂಬಿ ಮುಟ್ಟಲಿಕ್ಕೆ ಅಸಹ್ಯ, ಹೋಟೆಲಿನ ಲೋಟ ಕಂಡರೆ ಅಸಹ್ಯ, ಗೋಡೆ ಮೂಲೆಯ ಗುಟಕಾ ಕಲೆ ಕಂಡರಂತೂ ರಸ್ತೆಯನ್ನೇ ದಾಟಿ ಆಚೆ ಬದಿಗೆ ಹೋಗುತ್ತಿದ್ದ. ಮೂವತ್ತು ವರ್ಷ ವಿಮಾನಗಳ ರೇಡಿಯೋ ರಿಪೇರಿ ಮಾಡಿ ನಿವೃತ್ತನಾಗಿ ಬೀದರಿನ ಚಿದ್ರಿಯಲ್ಲಿ ಮನೆ ಮಾಡಿದ್ದ. ಎಲ್ಲಿ ಹೋದರೂ ಕೈಚೀಲದಲ್ಲಿ ತನ್ನದೇ ಒಂದು ಸ್ಟೀಲ್ ಲೋಟ. "ಮದುವಿಗೆ ಹೋದ್ರೂ ಗಿಲಾಸು, ಮಣ್ಣಿಗೆ ಹೋದ್ರೂ ಗಿಲಾಸು," ಎಂದು ಹೆಂಡತಿ ಲಿಲ್ಲಿ ನಗುತ್ತಿದ್ದಳು.

ಇಂಥವನನ್ನು ಭಾಲ್ಕಿಯ ಸ್ವಪ್ನಿಲ ಕರೆಸಿಕೊಂಡ. ಸ್ವಪ್ನಿಲನದು ಬೇಳೆ ಗಿರಣಿ, ಹುಚ್ಚು ಮಾತ್ರ ವಿಮಾನದ್ದು. ಪರದೇಶದಿಂದ ಬಿಡಿಭಾಗ ತರಿಸಿ ಗಿರಣಿಯ ಗೋದಾಮಿನಲ್ಲಿ ನಾಲ್ಕು ವರ್ಷದಿಂದ ಇಬ್ಬರು ಕೂರುವ ಪುಟ್ಟ ವಿಮಾನ ಕಟ್ಟುತ್ತಿದ್ದ. ರೆಕ್ಕೆ, ಎಂಜಿನ್ನು ಎಲ್ಲ ಕೂತಿದ್ದವು. ಉಳಿದದ್ದು ಕಿವಿ-ಬಾಯಿಯ ಕೆಲಸ: ರೇಡಿಯೋ, ಮೈಕು, ಹೆಡ್‌ಫೋನು. ಅದಕ್ಕೆ ಔರಾದಿನ ಅಯ್ಯುಬನನ್ನು ಹಿಡಿದಿದ್ದ. ಅಯ್ಯುಬ ಮದುವೆ, ಉರುಸು, ಜಯಂತಿಗಳಿಗೆ ಕಂಬದ ಮೇಲೆ ಭೋಂಗಾ ಸ್ಪೀಕರು ಏರಿಸಿ ಮೈಕ್ ಸೆಟ್ ಕಟ್ಟುವವ. ಅವನ ಕೆಲಸದ ಮೇಲೆ ಕಣ್ಣಿಟ್ಟು, ಕೊನೆಗೆ ಎಲ್ಲ ಸರಿಯಿದೆ ಎಂದು ಸಹಿ ಹಾಕುವುದು ತಿಮೋಥಿಯ ಪಾಲಿಗೆ ಬಂತು.

ಮೊದಲ ದಿನವೇ ತಿಮೋಥಿಯ ಮುಖ ಹುಳ್ಳಗಾಯಿತು. ಅಯ್ಯುಬನ ಬಾಯಲ್ಲಿ ಸದಾ ಪಾನ್. ಸಾಲದ್ದಕ್ಕೆ ಸ್ಕ್ರೂ, ನಟ್ಟು, ವಾಷರುಗಳನ್ನೂ ಅದೇ ಬಾಯಲ್ಲಿ ಇಟ್ಟುಕೊಂಡು ಒಂದೊಂದಾಗಿ ತೆಗೆದು ಕೂರಿಸುತ್ತಿದ್ದ.

"ಬಾಯಿ ಅಂದ್ರ ಏನ್ ತಿಳ್ಕೊಂಡೀಯಪ್ಪ ನೀ? ಹಾರ್ಡ್‌ವೇರ್ ಅಂಗಡಿನಾ?"

"ಆದತ್ ಅದರಿ ಸಾಬ್, ಹಳೀ ರೂಢಿ," ಎಂದು ಅಯ್ಯುಬ ನಕ್ಕ. "ಕಂಬ ಹತ್ತಿದ್ರ ಒಂದ್ ಕೈ ಕಂಬಕ್ಕ, ಒಂದ್ ಕೈ ಭೋಂಗಾಕ್ಕ. ಸಾಮಾನು ಹಿಡೀಲಿಕ್ಕ ಬಾಯೇ ಉಳೀತದ."

ನಕ್ಕಾಗ ಕಂಡ ಕೆಂಪು ಹಲ್ಲು ನೋಡಿ ತಿಮೋಥಿ ಆ ಮಧ್ಯಾಹ್ನ ಊಟದ ಡಬ್ಬಿ ತೆರೆಯಲಿಲ್ಲ.

ಹೆಡ್‌ಫೋನು, ಮೈಕು ಚುಚ್ಚುವ ಜಾಕುಗಳು ಒಟ್ಟು ನಾಲ್ಕು. ಜಾಕಿನ ಲೋಹ ವಿಮಾನದ ಮೈಯ ಲೋಹಕ್ಕೆ ತಾಗಬಾರದು. ನಡುವೆ ಫೈಬರಿನ ವಾಷರು ಇರಲೇಬೇಕು, ಇಲ್ಲದಿದ್ದರೆ ಎಂಜಿನ್ನಿನ ಕರೆಂಟಿನ ಕಿರುಚಾಟವೆಲ್ಲ ಕಿವಿಗೆ ನುಗ್ಗುತ್ತದೆ. ಮೂರನ್ನು ಅಯ್ಯುಬ ಕೂರಿಸಿದ. ನಾಲ್ಕನೆಯದಕ್ಕೆ ತಿಮೋಥಿ ತಾನೇ ಬಗ್ಗಿ, ಜಾಕನ್ನು ಒಂದು ಕೈಯಲ್ಲಿ ಹಿಡಿದು, ವಾಷರಿಗಾಗಿ ಅಯ್ಯುಬನತ್ತ ಇನ್ನೊಂದು ಕೈ ಚಾಚಿದ. ಅಂಗೈಗೆ ಬಿದ್ದದ್ದು ಬೆಚ್ಚಗಿತ್ತು, ಒದ್ದೆಯಾಗಿತ್ತು, ಕೆಂಪಗಿತ್ತು. ಛೀ ಎಂದು ಕೈ ಕೊಡವಿದ. ವಾಷರು ತೊಗರಿ ಚೀಲಗಳ ಹಿಂದೆ ಎಲ್ಲೋ ಹೋಯಿತು. ಜಾಕು ಕೆಳಗೆ ಬೀಳದಿರಲೆಂದು ಗಡಿಬಿಡಿಯಲ್ಲಿ ನಟ್ಟು ಬಿಗಿದು, ನಲ್ಲಿಗೆ ಓಡಿ, ಮೂರು ಸಲ ಸಾಬೂನು ಹಚ್ಚಿ ಕೈ ತೊಳೆದ. ಅಯ್ಯುಬ ಬಾಗಿಲಲ್ಲಿ ನಿಂತು ನೋಡುತ್ತಿದ್ದ.

ವಾರದ ಮೇಲೆ ವಿಮಾನವನ್ನು ಅಂಗಳಕ್ಕೆ ತಳ್ಳಿ ಎಂಜಿನ್ನು ಶುರು ಮಾಡಿದರು. ತಿಮೋಥಿ ಹೆಡ್‌ಫೋನು ಹಾಕಿಕೊಂಡ. ಕುಂಯ್ ಎಂಬ ಸದ್ದು, ಎಂಜಿನ್ನು ಏರಿಸಿದಂತೆಲ್ಲ ಏರುವ ಸದ್ದು. ಮೇಲೆ ಹಾರಿದವನಿಗೆ ಕೆಳಗಿನವರ ಮಾತು ಕೇಳದಿದ್ದರೆ ಜೀವಕ್ಕೇ ಸಂಚಕಾರ. ತಿಮೋಥಿ ಹೆಡ್‌ಫೋನು ಕಿತ್ತೆಸೆದ.

"ಕತ್ತಿಗೇನ್ ಗೊತ್ತು ಕಸ್ತೂರಿ ವಾಸನಿ! ಮೈಕ್ ಕಟ್ಟೋರ ಕೈಯಾಗ ವಿಮಾನ ಕೊಟ್ರ ಇನ್ನೇನಾಗ್ತದ?"

ಗಿರಣಿಯ ಆಳುಗಳೆಲ್ಲ ನಿಂತಿದ್ದರು. ಸ್ವಪ್ನಿಲ ಅಲ್ಲೇ, ಎಲ್ಲರೆದುರೇ, ಅಯ್ಯುಬನಿಗೆ ನಾಳೆಯಿಂದ ಬರಬೇಡ ಎಂದುಬಿಟ್ಟ. ಅಯ್ಯುಬ ಇಕ್ಕಳ, ಸ್ಕ್ರೂಡ್ರೈವರು ಚೀಲಕ್ಕೆ ತುಂಬಿಕೊಂಡ. "ಜಾಕ್ ಒಂದ್ಸಲ ನೋಡ್ರಿ ಸಾಬ್," ಎಂದಷ್ಟೇ ಹೇಳಿ ಔರಾದಿನ ಬಸ್ಸು ಹಿಡಿದ.

ತಿಮೋಥಿ ನೋಡಿದ. ಅಯ್ಯುಬ ಕೂರಿಸಿದ ಮೂರು ಜಾಕುಗಳನ್ನು ನೋಡಿದ. ತಪ್ಪು ಸಿಗಲಿಲ್ಲ. ಮತ್ತೆ ಎರಡು ವಾರ ಅಯ್ಯುಬ ಎಳೆದ ಒಂದೊಂದೇ ವೈರು ಬಿಚ್ಚಿದ. ಬಿಚ್ಚಿದಷ್ಟೂ ಸಿಟ್ಟು ಬಂತು, ಏಕೆಂದರೆ ಕೆಲಸ ಅಚ್ಚುಕಟ್ಟಾಗಿತ್ತು. ತನ್ನ ಕೈಕೆಳಗೆ ಕಲಿತ ಹುಡುಗರು ಕೂಡ ಇಷ್ಟು ನೇರ ವೈರು ಕಟ್ಟಿರಲಿಲ್ಲ. ಎಲ್ಲ ಹೊಸದಾಗಿ ಎಳೆದರೂ ಕುಂಯ್ ಸದ್ದು ಹೋಗಲಿಲ್ಲ. ಅಷ್ಟರಲ್ಲಿ ಸುದ್ದಿ ಊರೂರು ಸುತ್ತಿ, ಔರಾದಿನಲ್ಲಿ ಅಯ್ಯುಬನಿಗೆ ಗೊತ್ತುಮಾಡಿದ್ದ ಎರಡು ಮದುವೆಯ ಮೈಕ್ ಕೆಲಸಗಳು ಬೇರೆಯವರ ಪಾಲಾಗಿದ್ದವು.

ಕೊನೆಗೊಂದು ದಿನ, ಬೇರೇನೂ ಉಳಿಯದೆ, ತಾನು ಬಿಗಿದ ನಾಲ್ಕನೆಯ ಜಾಕಿನ ವೈರು ಕಳಚಿ ಮೀಟರಿನ ಕಡ್ಡಿ ಇಟ್ಟ. ಮಿಕ್ಕ ಮೂರಕ್ಕೆ ಸುಮ್ಮನಿದ್ದ ಮೀಟರು ಇದಕ್ಕೆ ಕೀಂ ಎಂದಿತು: ಲೋಹಕ್ಕೆ ಲೋಹ ತಾಗಿದೆ. ನಟ್ಟು ಬಿಚ್ಚಿದರೆ ಒಳಗೆ ವಾಷರೇ ಇಲ್ಲ.

"ಏನ್ ಸಿಕ್ತರಿ ಸರ್?" ಸ್ವಪ್ನಿಲ ಹಿಂದಿನಿಂದ ಬಂದ. "ಅಯ್ಯುಬಂದೇ ಕರಾಮತ್ತು, ಹೌದಲ್ರಿ?"

"ಹೂಂ," ಎಂದ ತಿಮೋಥಿ.

ಹೊಸ ವಾಷರು ಹಾಕಿದ ಮೇಲೆ ಹೆಡ್‌ಫೋನು ಬಾವಿಯ ನೀರಿನಂತೆ ತಣ್ಣಗಿತ್ತು. ಸ್ವಪ್ನಿಲ ಪೇಢೆ ತರಿಸಿದ. ತಿಮೋಥಿ ತನ್ನ ಪಾಲಿನ ಪೇಢೆಯನ್ನು ಕಾಗದದಲ್ಲಿ ಸುತ್ತಿ ಚೀಲಕ್ಕೆ ಹಾಕಿಕೊಂಡ. ಮೂವತ್ತು ವರ್ಷ ಯಾವ ವಿಮಾನದಲ್ಲೂ ಹೇಳದ ಸುಳ್ಳನ್ನು ಬೇಳೆ ಗೋದಾಮಿನಲ್ಲಿ ಹೇಳಿದ್ದ. ಅವನಿಗೆ ಅಜ್ಜ ನೆನಪಾದ. ಇದೇ ಭಾಲ್ಕಿಯ ಚಹಾದಂಗಡಿಯ ಹೊರಗೋಡೆಗೆ ಒಂದು ಮೊಳೆ, ಮೊಳೆಗೆ ಅಜ್ಜನ ಲೋಟ. ಅಜ್ಜ ಅದನ್ನು ತಾನೇ ತೆಗೆದು ಹಿಡಿಯಬೇಕು, ಅಂಗಡಿಯವ ಮುಟ್ಟದೆ ಮೇಲಿನಿಂದ ಸುರಿಯಬೇಕು. ಆ ಕತೆ ಹೇಳಿ ಅಪ್ಪ ಅಳುತ್ತಿದ್ದ. ಅಂಥ ಜನರ ಮುಖಕ್ಕೆ ಉಗಿಯುತ್ತೇನೆ ಎಂದು ಚಿಕ್ಕಂದಿನಲ್ಲಿ ತಿಮೋಥಿ ಹೇಳುತ್ತಿದ್ದ. ಈಗ ಉಗಿಯಲು ದೂರ ಹೋಗಬೇಕಾಗಿರಲಿಲ್ಲ. ತನ್ನ ಮೇಲೆ ತನಗೇ ಹೇಸಿಗೆಯಾಯಿತು.

ಮರುದಿನ ಔರಾದಿಗೆ ಹೋದ. ಅಯ್ಯುಬ ತನ್ನ ಅಂಗಡಿಯಲ್ಲಿ ಕೂತು ಭೋಂಗಾ ಬಿಚ್ಚುತ್ತಿದ್ದ, ಬಾಯಿ ತುಂಬ ಸ್ಕ್ರೂ. ತಿಮೋಥಿ ನಿಂತಲ್ಲೇ ಸ್ವಪ್ನಿಲನಿಗೆ ಫೋನು ಹಚ್ಚಿ, ಅಯ್ಯುಬನಿಗೆ ಕೇಳುವ ಹಾಗೆ ಹೇಳಿದ.

"ನಿನ್ನಿ ಸುಳ್ಳು ಹೇಳೀನ್ರಿ. ವಾಷರು ಹಾಕದೆ ಜಾಕ್ ಬಿಗದವ ನಾ. ಅಯ್ಯುಬ್ ಭಾಯಿದು ಒಂದೂ ತಪ್ಪಿಲ್ಲ. ಆಳುಗಳ ಮುಂದೂ ಇದೇ ಹೇಳ್ರಿ."

ಅಯ್ಯುಬ ಸ್ಕ್ರೂಗಳನ್ನು ಅಂಗೈಗೆ ಉಗುಳಿಕೊಂಡ.

"ನಿಮಗ ಅವತ್ತೇ ಗೊತ್ತಿತ್ತಲ್ಲರಿ? ಯಾಕ ಹೇಳಲಿಲ್ಲ?" ಎಂದು ಕೇಳಿದ ತಿಮೋಥಿ. ಅವನ ಬಾಯಿಂದ ಅಯ್ಯುಬನಿಗೆ ಬಹುವಚನ ಬಂದದ್ದು ಇದೇ ಮೊದಲು.

"ಏನಂತ ಹೇಳ್ಲಿ ಸಾಬ್? ನನ್ನ ಬಾಯಿ ನಿಮಗ ಹೇಸಿಗಿ ಆಯ್ತು ಅಂತ ಮಂದಿ ಮುಂದ ನಾನೇ ಹೇಳ್ಲೇನು?"

ತಿಮೋಥಿ ಒಂದು ಹೆಜ್ಜೆ ಹತ್ತಿರ ಬಂದ. "ಉಳಿದ ಕೆಲಸಕ್ಕ ಬರ್ರಿ," ಎಂದ.

"ಬರಾಂಗಿಲ್ರಿ." ಅಯ್ಯುಬನ ದನಿಯಲ್ಲಿ ಸಿಟ್ಟಿರಲಿಲ್ಲ. ಕುರ್ಚಿಯ ಮೇಲಿನ ವೈರು ಸರಿಸಿ, ತೋಳಿನಿಂದ ಧೂಳು ಒರೆಸಿದ. "ಕೂಡ್ರಿ ಸಾಬ್, ದೂರದಿಂದ ಬಂದೀರಿ." ಎದುರಿನ ಹೋಟೆಲಿಗೆ ಎರಡು ಚಹಾ ಎಂದು ಕೂಗಿದ. ಆಮೇಲೆ, ಮನೆಗೆ ಬಂದ ಬೀಗರನ್ನು ವಿಚಾರಿಸುವಷ್ಟೇ ಮರ್ಯಾದೆಯಿಂದ ಹೇಳಿದ: "ನಿಮ್ಮ ಗಿಲಾಸ್ ತಗೀರಿ."

ತಿಮೋಥಿ ತಲೆ ಬಗ್ಗಿಸಿ ನೋಡಿಕೊಂಡ. ಅಯ್ಯುಬ ಹೇಳುವ ಮೊದಲೇ ತನ್ನ ಕೈ ಚೀಲದೊಳಗೆ ಹೋಗಿ ಲೋಟ ಹಿಡಿದುಕೊಂಡಿತ್ತು.