ಭಾವ ಕಲಿತ ಬಹುವಚನ

ಅನು ಎಂಬ ಒಂದು ಮೈಯಲ್ಲಿ ನಾವು ಮೂವರಿದ್ದೇವೆ: ಅನು, ಐದು ವರ್ಷದ ಚಿನ್ನು, ಸದಾ ಕೆಮ್ಮುವ ಮಂಚಯ್ಯ. ಡಾಕ್ಟರ ಬಾಯಲ್ಲಿ ಇದಕ್ಕೆ ಉದ್ದನೆಯ ಹೆಸರಿದೆ. ನಾವು ‘ವಠಾರ’ ಅನ್ನುತ್ತೇವೆ. ನಮ್ಮಲ್ಲಿ ಹೊರಗೆ ಮಾತಾಡಲು ಬಂದವರು ‘ಜಗಲಿಯಲ್ಲಿದ್ದಾರೆ’. ‘ನಾನು’ ಅನ್ನದೆ ‘ನಾವು’ ಅನ್ನುವುದನ್ನು ಊರಿನವರು ಕೊಬ್ಬು ಅಂದುಕೊಂಡಿದ್ದಾರೆ.

ಇದನ್ನೆಲ್ಲ ನಂಬಿ ಹೇಳಿದ್ದು ಅಕ್ಕನ ಗಂಡ ಕಿಶನ್‌ಗೆ, ತೊಣ್ಣೂರು ಕೆರೆ ಏರಿಯ ಮೇಲೆ. ಭಾವನಲ್ಲವೇ, ಭಾವನೆ ಇರುತ್ತದೆ ಅಂದುಕೊಂಡೆವು. ಅವತ್ತು ಅವನು ನಮ್ಮೆದುರೇ ಆಫೀಸಿಗೆ ಫೋನ್ ಮಾಡಿ, “ಸಾರ್, ನಮ್ಮಜ್ಜಿ ತೀರ್ಕಂಬುಟ್ರು” ಎಂದು ಅತ್ತು ರಜಾ ಗಿಟ್ಟಿಸಿದ್ದ.

“ಅಂಗಾರೆ ಮೂರು ಪಾರ್ಟು ಅನ್ನು,” ಅಂದ ನಮ್ಮ ಕಥೆ ಕೇಳಿ.

“ಪಾರ್ಟು ನಾಟಕದಲ್ಲಿ, ಭಾವ. ನಾವು ಜನ.”

ಬೂಕನಕೆರೆಯ ಬೀಗರೂಟದಲ್ಲಿ ಮೂಳೆ ಚೀಪುತ್ತಲೇ ಅವನು ಮಂಚಯ್ಯನ ಕೆಮ್ಮು ಕೆಮ್ಮಿದ, ಚಿನ್ನುವಿನ ತೊದಲು ತೊದಲಿದ. ಇಡೀ ಪಂಕ್ತಿ ನಕ್ಕಿತು. ಅಂದಿನಿಂದ ನೆಂಟರದ್ದೆಲ್ಲ ಒಂದೇ ಪ್ರಶ್ನೆ: “ಇವತ್ ಯಾವ ಪಾರ್ಟವ್ವ?” ಅಂದಿನಿಂದಲೇ ಚಿನ್ನು ಜಗಲಿಗೆ ಬರಲಿಲ್ಲ. ಕರೆದರೆ ಓಗೊಡಲೂ ಇಲ್ಲ.

“ನನ್ ಕೆಮ್ಮು ಕದ್ದವ್ನೆ,” ಅಂದ ಮಂಚಯ್ಯ. “ನಾನು ಅವನ್ ದನಿನೇ ಕದೀತೀನಿ ಬುಡು.”

ಹೊಣಕೆರೆಯಲ್ಲಿ ಭಾವನ ಹೊಸಮನೆಯ ಗೃಹಪ್ರವೇಶ. ನಮ್ಮ ಪಕ್ಕದ ಎಲೆಗೆ ಅವನ ಅಜ್ಜಿ ಬೆಟ್ಟಮ್ಮ, ಎದುರಿನ ಎಲೆಗೆ ಅವನ ಮೇಲಧಿಕಾರಿ ಸುಶಮೀಂದ್ರರು. ಬಡಿಸುತ್ತಾ ಬಂದ ಭಾವ ನಮ್ಮೆದುರು ಸೌಟು ನಿಲ್ಲಿಸಿದ.

“ಇವತ್ ಯಾವ ಪಾರ್ಟು?”

“ಇವತ್ತು ನಿಮ್ದೇ, ಭಾವ.”

ಮಂಚಯ್ಯ ಗಂಟಲು ಸರಿಮಾಡಿಕೊಂಡ. ಹೊರಟಿದ್ದು ಕಿಶನ್ ದನಿ, ಮೂಗೆಳೆಯುವುದೂ ಸೇರಿ: “ಸಾರ್... ನಮ್ಮಜ್ಜಿ ತೀರ್ಕಂಬುಟ್ರು. ಬೆಟ್ಟಮ್ಮ ಅಂತ. ನನ್ನ ಎತ್ತಾಡ್ಸಿದ ಕೈ ಸಾರ್...”

ಹೋಳಿಗೆ ಮುರಿಯುತ್ತಿದ್ದ ಸುಶಮೀಂದ್ರರ ಕೈ ನಿಂತಿತು. “ಅದೇ ಧ್ವನಿ,” ಅಂದರು. “ನಾನೇ ಸಮಾಧಾನ ಮಾಡಿದ್ದೆ.”

ಬೆಟ್ಟಮ್ಮ ಮೊಮ್ಮಗನನ್ನು ಮೇಲಿಂದ ಕೆಳಗೆ ನೋಡಿದರು. “ಯಾವಾಗ್ಲಾ ಸತ್ತೆ ನಾನು? ತಿಥಿಗೆ ವಡೆನಾದ್ರೂ ಮಾಡ್ಸಿದ್ಯಾ?”

ಪಂಕ್ತಿ ಮತ್ತೆ ನಕ್ಕಿತು, ಈ ಸಲ ಸೌಟಿನ ಕಡೆ ತಿರುಗಿ.

ಕೆಲವು ದಿನ ಕಳೆದು ಭಾವನ ಫೋನು. “ಬಸ್‌ ಸ್ಟ್ಯಾಂಡಲ್ಲೂ ನನ್ನ ‘ಅಜ್ಜಿ ಪಾರ್ಟು’ ಅಂತಾವ್ರೆ ಕಣವ್ವ. ತಪ್ಪಾಯ್ತು ನಿಂಗೆ.”

“ನಿಂಗೆ ಅಂದ್ರೆ ಯಾರ್ಗೆ?”

“...ನಿಮ್ಗೆ. ಮೂರು ಜನಕ್ಕೂ.”

ಕ್ಷಮಿಸೋಣವೇ ಎಂದು ಅನು ಯೋಚಿಸುವಷ್ಟರಲ್ಲಿ ಒಳಗಿನಿಂದ ಯಾರೋ ತಳ್ಳಿಕೊಂಡು ಜಗಲಿಗೆ ಬಂದರು. ಮಂಚಯ್ಯ ಕೆಮ್ಮು ನುಂಗಿದ.

“ಅಲು ಬಾವ,” ಅಂತು ಚಿನ್ನು. “ಆಪೀಸ್‌ಗೆ ಅತ್ತಂಗೇ ಅಲು. ಮೂಲು ಸಲ.”