ಸಿಂಬೆ ಬಿಚ್ಚಿದ ಪಾಠ

ಉದ್ದಿನ ವಡೆ ತಂದದ್ದೇ ಶ್ರೀಮತಿಯ ತಪ್ಪು.

೧೯೭೮ರ ದೀಪಾವಳಿ ರಜೆ ಮುಗಿದ ವಾರ. ಹೊನ್ನಾವರದ ಹೊಸ ಹೈಸ್ಕೂಲಿಗೆ ಗಣಿತದ ಟೀಚರ್ ಬೇಕಾಗಿತ್ತು. ಕಮಿಟಿಯವರ ಎದುರು ಮಕ್ಕಳಿಗೆ ಪಾಠ ಮಾಡಿ ತೋರಿಸಬೇಕು. ಎರಡು ಕಡೆ ಹೋಗಿ ಬರಿಗೈಲಿ ಬಂದವಳಿಗೆ ಇದೂ ತಪ್ಪಿದರೆ ಅವ್ವ ಲಕ್ಕಿಯ ಹಿಂದೆ ಮೀನುಬುಟ್ಟಿ ಹೊರುವುದೇ ಗತಿ. ವಿಷಯ ‘ಟೋರಸ್’. ನಡುವೆ ತೂತಿರುವ ಆಕೃತಿಗೆ ವಡೆಗಿಂತ ಒಳ್ಳೆಯ ಮಾದರಿ ಉಂಟೇ ಎಂದು ಆರು ವಡೆ ತಂದು ಮೇಜಿನ ಮೇಲಿಟ್ಟಳು.

ಬೋರ್ಡು ಒರೆಸಿ ತಿರುಗುವಷ್ಟರಲ್ಲಿ ಕಮಿಟಿಗೆ ಚಹಾ ಬಂದಿತ್ತು. ಹಿರಿಯ ಸದಸ್ಯರು ಕೊನೆಯ ವಡೆ ಮುರಿಯುತ್ತ, “ಎಲ್ಲಾ ಬರೋಬರ್ ಇತ್ತು, ಚಟ್ನಿ ಒಂದು ಮರ್ತ್ರಿ ಕಾಣ್ತದೆ” ಎಂದರು.

ಶ್ರೀಮತಿಗೆ ಅಳುವೇ ಬಂತು. ಆಗ ರಸ್ತೆಯಿಂದ, “ಬಂಗಡೇ... ಬಂಗಡೆ ಬೇಕನ್ರಾ?” ಎಂಬ ಅವ್ವನ ಕೂಗು! ಓಡಿಹೋಗಿ ಬುಟ್ಟಿಯನ್ನು ಶಾಲೆಯ ಪಾಗಾರದ ಗೋಡೆಯ ಮೇಲೆ ಇಳಿಸಿ, ಅದರಡಿ ಅವ್ವನ ತಲೆಯ ಮೇಲಿದ್ದ ಬಟ್ಟೆಯ ಸಿಂಬೆ ಎತ್ತಿಕೊಂಡಳು.

“ಎಂತಾ ಆತೆ ನಿಂಗೆ?” ಎಂದು ಲಕ್ಕಿ ಕಿಟಕಿಯವರೆಗೆ ಬೆನ್ನಟ್ಟಿದಳು.

ಒಳಗೆ ಶ್ರೀಮತಿ ಬೋರ್ಡಿನ ಮೇಲೆ ಒಂದು ವೃತ್ತ, ಪಕ್ಕದಲ್ಲೊಂದು ಗೆರೆ ಎಳೆದಳು. “ಈ ವೃತ್ತ ಗೆರೆಯನ್ನು ಮುಟ್ಟದೆ ಅದರ ಸುತ್ತ ಪೂರ್ತಿ ಒಂದು ಸುತ್ತು ಬಂದರೆ ಹುಟ್ಟುವ ಆಕೃತಿಯೇ ಟೋರಸ್. ನಿಮ್ಮ ಅವ್ವಂದಿರ ಸಿಂಬೆ. ಬುಟ್ಟಿಯ ಭಾರ ಒಂದೇ ಕಡೆ ಒತ್ತದ ಹಾಗೆ ಇದು ಸುತ್ತಲೂ ಹಂಚುತ್ತದೆ.”

“ಇದ್ರ ಗಾತ್ರ ಅಳೆಯೂದು ಹ್ಯಾಂಗೆ?” ಹಿರಿಯರು ಕೇಳಿದರು.

“ಬಿಚ್ಚಿ ನೆಟ್ಟಗೆ ಹಿಡಿದರೆ ಸಿಲಿಂಡರ್ ಆಗ್ತದೆ. ಸಿಲಿಂಡರ್ ಲೆಕ್ಕ ಮಕ್ಕಳಿಗೆ ಬರ್ತದೆ” ಎಂದು ಗಂಟು ಬಿಚ್ಚಿದಳು. ಮೇಲಿನ ಹಳೇ ಬಟ್ಟೆ ಜಾರಿತು. ಒಳಗಿದ್ದದ್ದು ಏಳನೇ ಇಯತ್ತೆಯಲ್ಲಿ ಅವಳೇ ಶಾಲೆಗೆ ಉಟ್ಟ ನೀಲಿ ಲಂಗ. ಅದನ್ನು ಹಿಡಿದುಕೊಂಡೇ ಅವಳು ಕಿಟಕಿಯ ಕಡೆ ತಿರುಗಿದಳು.

“ಗಟ್ಟಿ ಬಟ್ಟೆ, ಬಿಸಾಡೂಕೆ ಮನ್ಸ್ ಬರ್ಲಿಲ್ಲ” ಎಂದಳು ಲಕ್ಕಿ ಕಿಟಕಿಯಿಂದ. “ಬೇಗ ಕಟ್ಟಿಕೊಡೆ, ಬಂಗಡೆ ಹಾಳಾತದೆ.”

ಮಕ್ಕಳೆಲ್ಲ ನಕ್ಕರು. ಕಣ್ಣೊರೆಸಿಕೊಂಡು ಶ್ರೀಮತಿಯೂ ನಕ್ಕಳು, ಲೆಕ್ಕ ಮುಗಿಸಿದಳು.

ಕೆಲಸ ಅವಳಿಗೇ ಆಯಿತು. ಎಲ್ಲರ ಎದುರೇ ಸಿಂಬೆ ಸುತ್ತಿ ಅವ್ವನ ನೆತ್ತಿಗಿಟ್ಟು ಬುಟ್ಟಿಗೆ ಕೈ ಹಚ್ಚಿದಳು. ಇನ್ನೊಂದು ಬದಿ ವಡೆ ತಿಂದ ಹಿರಿಯರೇ ಹಿಡಿದರು.

ನಾಲ್ಕು ಹೆಜ್ಜೆ ಹೋದ ಲಕ್ಕಿ ತಿರುಗಿ ಕೂಗಿದಳು: “ಮುಂದಿನ ಸಿಂಬೆಗೆ ಟೀಚರ್ ಸೀರೆ ಕೊಡು, ಆತಾ?”