ಘಟದ ಸಸಿ

ಸನತ್‌ನಗರದ ಆ ಪುಟ್ಟ ಮನೆಯಲ್ಲಿ ಕಿಟಕಿಯ ಪರದೆ ಸರಿಸದೆ ಎರಡು ವರ್ಷವಾಗಿತ್ತು. ಡಿಗ್ರಿ ಓದುತ್ತಿದ್ದ ಮಗಳು ಕೃಪಾ ಜ್ವರ ಬಂದು ವಾರದೊಳಗೆ ಕಣ್ಮುಚ್ಚಿದ ಮೇಲೆ ಸುಮತಿಗೆ ಬೆಳಕೇ ಬೇಡವಾಗಿತ್ತು. ಅಡುಗೆ ಮಾಡುತ್ತಿದ್ದಳು, ಬಟ್ಟೆ ಒಗೆಯುತ್ತಿದ್ದಳು, ಮತ್ತೆ ಬಂದು ಮಂಚದ ಮೂಲೆಯಲ್ಲಿ ಗೋಡೆಗೆ ಮುಖ ಮಾಡಿ ಕೂರುತ್ತಿದ್ದಳು. ಕಲಬುರಗಿಯಿಂದ ಬಂದ ನೆಂಟರು ಬುದ್ಧಿ ಹೇಳಿ, ಚಹಾ ಕುಡಿದು, ತಮ್ಮ ಬಸ್ಸು ಹಿಡಿದು ಹೋದರು. ದುಃಖದಲ್ಲಿದ್ದವರಿಗೆ ಬುದ್ಧಿ ಹೇಳುವವರಿಗೇನು ನಮ್ಮಲ್ಲಿ ಬರಗಾಲವಿಲ್ಲ.

ಗಂಡ ಶಿವಶರಣಪ್ಪ ರಕ್ಷಣಾ ಕಾರ್ಖಾನೆಯೊಂದರಲ್ಲಿ ಬಿಡಿಭಾಗಗಳ ತಪಾಸಣೆ ಮಾಡುವವನು. ಕೂದಲೆಳೆಯಷ್ಟು ಹೆಚ್ಚುಕಡಿಮೆಯಾದರೂ ವಾಪಸು ಕಳಿಸುವ ಮನುಷ್ಯ. ಮಗಳು ಹೋದಂದಿನಿಂದ ಅವಳ ಹೆಸರನ್ನು ಅವನ ಬಾಯಲ್ಲಿ ಸುಮತಿ ಒಮ್ಮೆಯೂ ಕೇಳಿರಲಿಲ್ಲ. ಕಲ್ಲಿನಂಥವನು ಎಂದು ಮನಸ್ಸಿನಲ್ಲೇ ಅಂದುಕೊಂಡಿದ್ದಳು. ಆ ಸಿಟ್ಟೂ ಅವಳನ್ನು ಒಳಗೊಳಗೇ ತಿನ್ನುತ್ತಿತ್ತು. ಅವನೇ ಅವಳನ್ನು ಮೆಹದಿಪಟ್ಟಣಂನಲ್ಲಿದ್ದ ಮನೋವೈದ್ಯೆಯ ಬಳಿ ಕರೆದೊಯ್ದ. ಆಕೆ ಮಾತ್ರೆ ಬರೆದುಕೊಟ್ಟು, ಮನೆಯೊಳಗೆ ಒಂದು ಗಿಡ ಇಟ್ಟುಕೊಂಡು ದಿನಾ ಕೈಯಾರೆ ನೋಡಿಕೊಳ್ಳಿ, ಮಾತ್ರೆಯ ಕೆಲಸ ಅದು ಮಾಡುವುದಿಲ್ಲ, ಆದರೆ ಜೊತೆಗಿರುತ್ತದೆ ಎಂದಳು. ಅವನು ತಂದ ಮನಿ ಪ್ಲಾಂಟನ್ನು ಸುಮತಿ ತಿರುಗಿಯೂ ನೋಡಲಿಲ್ಲ.

ದಸರೆ ಹತ್ತಿರ ಬಂದಾಗ, ಯಾರೂ ಕೇಳದೆಯೇ, "ಈ ಸಲ ಘಟ ಹಾಕ್ತೀನ್ರಿ" ಅಂದಳು.

ಇಷ್ಟು ದಿನದಲ್ಲಿ ಅವಳು ತಾನಾಗಿ ಬಯಸಿದ್ದು ಅದೊಂದೇ. ಪತ್ರಾವಳಿಯ ಮೇಲೆ ಕರಿಮಣ್ಣು ಹರಡಿ, ನಡುವೆ ನೀರು ತುಂಬಿದ ಮಡಕೆ ಇಟ್ಟು, ಸುತ್ತ ಗೋಧಿ, ಜೋಳ ಬಿತ್ತಿದಳು. ನವರಾತ್ರಿ ಮುಗಿಯುವುದರೊಳಗೆ ದೇವರ ಕೋಣೆಯ ಕತ್ತಲಲ್ಲಿ ಹಳದಿ ಸಸಿ ಎದ್ದು ನಿಲ್ಲಬೇಕು. ಸಸಿ ಹುಲುಸಾಗಿ ಬಂದರೆ ಮನೆಗೆ ಒಳ್ಳೆಯದು. ಘಟ ಹಾಕಿದವರ ಹೊರತು ಬೇರೆ ಯಾರೂ ನೀರು ಹಾಕುವಂತಿಲ್ಲ. ಬನ್ನಿ ಹಬ್ಬದ ದಿನ ಆ ಸಸಿಯನ್ನು ಕಿತ್ತು ಮುಡಿಯುವುದು ರೂಢಿ. ಕೃಪಾ ತಾನೂ ಮುಡಿದು, ಅಪ್ಪನ ಕಿವಿಗೂ ಸಿಕ್ಕಿಸಿ ನಗುತ್ತಿದ್ದಳು.

ಸುಮತಿ ಯಾರಿಗೂ ಹೇಳದೆ ಒಂದು ಪಣ ಕಟ್ಟಿಕೊಂಡಿದ್ದಳು. ಸಸಿ ಎದ್ದರೆ ತಾನೂ ಏಳುವುದು. ಏಳದಿದ್ದರೆ, ಮಗಳನ್ನು ಉಳಿಸಿಕೊಳ್ಳಲಾಗದ ಈ ಕೈಯಲ್ಲಿ ಇನ್ನು ಯಾವುದೂ ಬದುಕುವುದಿಲ್ಲ. ಮಾತ್ರೆಯೂ ಬೇಡ, ಯಾವುದೂ ಬೇಡ.

ಮೊದಲಿಗೆ ಬಿಳಿ ಮೊಳಕೆ ಕಂಡವು. ರೊಟ್ಟಿ ಬಡಿಯುವಾಗಲೂ ಅವಳಿಗೆ ಅವುಗಳದೇ ಧ್ಯಾನ. ಸಂಜೆ ದೀಪ ಹಚ್ಚಿ, ನೀರು ಹಾಕಿ, ಒದ್ದೆ ಮಣ್ಣಿನ ವಾಸನೆ ಕುಡಿಯುತ್ತ ಕೂತರೆ ಎದೆಯ ಭಾರ ತುಸು ಇಳಿಯುತ್ತಿತ್ತು. ಆದರೆ ಒಂದು ಸಂಜೆ ಬಾಗಿಲು ತೆರೆದಾಗ ಹುಳಿ ವಾಸನೆ ಬಡಿಯಿತು. ಕಾಳುಗಳು ಕೊಳೆತು ಲೋಳೆಯಾಗಿದ್ದವು. ಸುಮತಿ ಸದ್ದು ಮಾಡದೆ ಬಾಗಿಲು ಎಳೆದುಕೊಂಡು ಮತ್ತೆ ಮಂಚದ ಮೂಲೆ ಸೇರಿದಳು. ಗಂಡ ಕೊಟ್ಟ ಮಾತ್ರೆಯನ್ನು ನುಂಗಲಿಲ್ಲ.

ನಸುಕಿನಲ್ಲಿ ಎಚ್ಚರವಾದಾಗ ಅವನು ಪಕ್ಕದಲ್ಲಿರಲಿಲ್ಲ. ದೇವರ ಕೋಣೆಯಲ್ಲಿ ಪಿಸುಮಾತು ಕೇಳಿಸಿತು. ಎದ್ದು ಹೋಗಿ ಸಂದಿಯಿಂದ ನೋಡಿದಳು. ಸ್ನಾನ ಮಾಡಿ ಒದ್ದೆ ಪಂಚೆಯಲ್ಲೇ ಕೂತ ಶಿವಶರಣಪ್ಪ ತಂಬಿಗೆಯಿಂದ ಘಟಕ್ಕೆ ನೀರು ಹಾಕುತ್ತಿದ್ದ.

"ಕೃಪಾ, ದಿನಾ ನೀರು ಹಾಕಾಕತ್ತೀನಿ, ಇನ್ನೊಂದೀಟು ಏಳವ್ವ" ಎನ್ನುತ್ತಿದ್ದ. "ನಿಮ್ಮವ್ವ ನಿನ್ನ ದಾರಿ ನೋಡಾಕತ್ತಾಳ. ನಾನೂ ನೋಡಾಕತ್ತೀನಿ."

ಸುಮತಿಗೆ ಮೊದಲು ಬಂದದ್ದು ಸಿಟ್ಟೇ. ಅವಳು ಸಂಜೆ ಹಾಕಿದ ನೀರಿನ ಮೇಲೆ ಇವನು ನಸುಕಿನಲ್ಲಿ ಸುರಿಯುತ್ತ ಬಂದಿದ್ದ. ಮೊಳಕೆ ಮೇಲೇಳದ್ದು ಕಂಡು ಇನ್ನಷ್ಟು ಸುರಿದಿದ್ದ. ಕೊಳೆಯದೆ ಇನ್ನೇನಾದೀತು? ಕೂದಲೆಳೆ ಅಳೆಯುವ ಮಹಾಶಯನಿಗೆ ಒಂದು ಹಿಡಿ ಮಣ್ಣು ಎಷ್ಟು ನೀರು ಕುಡಿದೀತೆಂದು ತಿಳಿಯಲಿಲ್ಲ. ಆದರೆ ಅವನ ಬಾಯಲ್ಲಿ ಆ ಹೆಸರು ಕೇಳಿ ಸಿಟ್ಟು ಇಳಿಯಿತು. ತನ್ನ ಕೈ ಏನನ್ನೂ ಕೊಂದಿರಲಿಲ್ಲ. ಒಬ್ಬಳೇ ಮಗಳಿಗಾಗಿ ಇಬ್ಬರೂ ಬೇರೆ ಬೇರೆಯಾಗಿ ಅಳುತ್ತಿದ್ದರು, ಅಷ್ಟೇ.

ಹೋಗಿ ಅವನ ಪಕ್ಕ ಕೂತಳು. ಅವನು ಬೆಚ್ಚಿ ತಂಬಿಗೆ ಮರೆಮಾಡಲು ನೋಡಿದ. ಸಸಿ ಏಳದಿದ್ದರೆ ನೀನು ಏನಾಗಿಬಿಡುತ್ತೀಯೋ ಎಂದು ಹೆದರಿದೆ ಎಂದು ತೊದಲಿದ.

"ನೀರು ಭಾಳ ಆಗೇತ್ರಿ" ಅಂದಳು ಸುಮತಿ. "ಒಬ್ಬರಿಗೊಬ್ಬರು ಹೇಳದಂಗ ಹಾಕಿದ್ರ ಏನ್ ಉಳೀತೈತಿ?"

ಘಟವನ್ನು ನಡುವೆ ಮತ್ತೆ ಬಿತ್ತುವ ಪದ್ಧತಿ ಇಲ್ಲ. ಸುಮತಿ ಸ್ಟೀಲ್ ತಟ್ಟೆಯೊಂದರಲ್ಲಿ ಹೊಸ ಮಣ್ಣು ಹಾಕಿ ಗೋಧಿ ಬಿತ್ತಿ ಹಾಲ್‌ನ ಕಿಟಕಿಯ ಬಳಿ ಇಟ್ಟಳು. ಅದಕ್ಕಾಗಿ ಪರದೆ ಸರಿಸಲೇಬೇಕಾಯಿತು. ಬೆಳಿಗ್ಗೆ ಇಬ್ಬರೂ ಅದರ ಮುಂದೆ ಕೂರುತ್ತಿದ್ದರು. ಅವಳು ಮಣ್ಣು ಮುಟ್ಟಿ ನೋಡಿ ಬೇಕೋ ಬೇಡವೋ ಹೇಳುವಳು, ಅವನು ನೀರು ಹಾಕುವನು. ನಡುನಡುವೆ ಕೃಪಾಳ ಮಾತು ಬರುತ್ತಿತ್ತು, ಅಳುವೂ ಬರುತ್ತಿತ್ತು. ಮಾತ್ರೆ ಮತ್ತೆ ಶುರುವಾಯಿತು. ಮೂಲೆಯಲ್ಲಿದ್ದ ಮನಿ ಪ್ಲಾಂಟೂ ಕಿಟಕಿಗೆ ಬಂತು.

ಬನ್ನಿ ಹಬ್ಬದ ಹೊತ್ತಿಗೆ ಸಸಿ ಬೆರಳುದ್ದ ಬಂದಿತ್ತು. ಬಿಸಿಲು ಕಂಡದ್ದರಿಂದ ಹಳದಿಯಾಗದೆ ಹಸಿರಾಗಿತ್ತು. ಇದನ್ನು ಮುಡಿಯಬಹುದೇ ಎಂದು ಕೇಳಲು ಮನೆಯಲ್ಲಿ ಹಿರಿಯರಿರಲಿಲ್ಲ; ಇದ್ದಿದ್ದರೂ ಅವಳು ಕೇಳುತ್ತಿರಲಿಲ್ಲ. ಒಂದೆಳೆ ಕಿತ್ತು, ಮಗಳು ಸಿಕ್ಕಿಸುತ್ತಿದ್ದ ಹಾಗೆಯೇ ಗಂಡನ ಕಿವಿಗೆ ಸಿಕ್ಕಿಸಿದಳು. ಶಿವಶರಣಪ್ಪ ಮಗುವಿನಂತೆ ಬಿಕ್ಕಿ ಬಿಕ್ಕಿ ಅತ್ತ. ಅತ್ತು ಮುಗಿದ ಮೇಲೆ ಇನ್ನೊಂದೆಳೆ ಕಿತ್ತು ಅವಳ ಮುಡಿಗೆ ಇಟ್ಟ. ಕೃಪಾಳ ಪಾಲಿನದನ್ನು ಇಬ್ಬರೂ ಕೀಳಲಿಲ್ಲ, ಬೆಳೆಯಲಿ ಎಂದು ಬಿಟ್ಟರು.